ಕೆಲಸ ಹೋದ ಸೋದರಳಿಯನಿಗೆ ಮಾವನ ಪತ್ರ

ಮಂಗಳೂರು

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನೀನು ಕೆಲಸ ಮಾಡುತ್ತಿದ್ದ ವಿಡಿಯೋ ಗೇಮ್ ಸ್ಟುಡಿಯೋ ಮುಚ್ಚಿದ್ದು ಕೇಳಿ ತುಂಬಾ ಬೇಜಾರಾಯಿತು. "ನಮ್ಮ ಗೇಮ್ ಚೆನ್ನಾಗಿದ್ದಿದ್ದರೆ ಯಾಕೆ ಮುಚ್ಚುತ್ತಿದ್ದರು ಮಾವ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚೆನ್ನಾಗಿದ್ದರೂ ಮುಚ್ಚುತ್ತಾರೆ ಮಾರಾಯ. ಏಜ್ ಆಫ್ ಎಂಪೈರ್ಸ್ ಅಂತ ಕಂಪ್ಯೂಟರ್ ಗೇಮ್ ನೆನಪುಂಟಲ್ವಾ? ಹಂಪನಕಟ್ಟೆಯಲ್ಲಿ ನನ್ನ ಸೈಬರ್ ಕೆಫೆ ಇದ್ದ ಕಾಲ. ಕಾಲೇಜು ಬಿಟ್ಟ ಕೂಡಲೇ ಹುಡುಗರು ಬಂದು ಸಾಲಾಗಿ ಕೂತು ಆಡುತ್ತಿದ್ದರು. ನೀನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಗೇಮಿನೊಳಗಿನ ಪೂಜಾರಿ 'ವೊಲೊಲೊ' ಅಂದಾಗಲೆಲ್ಲ ನಿನಗೆ ನಗು. ಆ ಗೇಮ್ ಮಾಡಿದ್ದು ಅಮೆರಿಕದ ಡಲ್ಲಾಸ್ ಕಡೆಯ ಎನ್ಸೆಂಬಲ್ ಸ್ಟುಡಿಯೋಸ್. ಮೊದಲನೆಯದು 1997ರಲ್ಲಿ ಬಂತು, ಎರಡನೆಯದು 1999ರಲ್ಲಿ. 2001ರಲ್ಲಿ ಮೈಕ್ರೋಸಾಫ್ಟ್ ಆ ಸ್ಟುಡಿಯೋವನ್ನು ಕೊಂಡುಕೊಂಡಿತು. 2008ರ ಸೆಪ್ಟೆಂಬರ್‌ನಲ್ಲಿ, ಕೈಯಲ್ಲಿರುವ ಹೇಲೋ ವಾರ್ಸ್ ಗೇಮ್ ಮುಗಿದ ಮೇಲೆ ಮುಚ್ಚುತ್ತೇವೆ ಅಂತ ತಿಳಿಸಿದರು. ಬಾಗಿಲು ಹಾಕುವುದು ಗೊತ್ತಿದ್ದೂ ಆ ಜನ ಕೂತು ಗೇಮ್ ಮುಗಿಸಿಕೊಟ್ಟರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಅದಕ್ಕೇ. 2009ರ ಆರಂಭದಲ್ಲಿ ಸ್ಟುಡಿಯೋ ಇಲ್ಲವಾಯಿತು. ಆಗಲೂ ಜನ ಅವರ ಗೇಮ್ ಆಡುತ್ತಲೇ ಇದ್ದರು.

ಈಚೆಗೆ ಜಪಾನಿನ ಗೇಮ್ ಸ್ಟುಡಿಯೋ ಟ್ಯಾಂಗೋ ಗೇಮ್‌ವರ್ಕ್ಸ್‌ಗೂ ಹಾಗೆಯೇ ಆಯಿತು. 2023ರ ಜನವರಿಯಲ್ಲಿ ಅವರ ಗೇಮ್ ಹೈ-ಫೈ ರಶ್ ಬಂದಾಗ ಹೊಗಳದವರು ಕಡಿಮೆ. ಪ್ರಶಸ್ತಿಗಳೂ ಬಂದವು. 2024ರ ಮೇ ತಿಂಗಳಲ್ಲಿ ಸ್ಟುಡಿಯೋ ಮುಚ್ಚುವ ಸುದ್ದಿ ಬಂತು! ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಮುಂದೆ ಬಂದು ಆ ಹೆಸರನ್ನು ಉಳಿಸಿತು. ಅಂಥ ಅದೃಷ್ಟ ಎಲ್ಲರಿಗೂ ಬರುವುದಿಲ್ಲ. ಅದನ್ನು ಕಾಯುತ್ತಾ ಕೂರಬೇಡ.

ಸ್ಟುಡಿಯೋ ಮುಚ್ಚುವುದರ ಲೆಕ್ಕವೇ ಬೇರೆ. ದೊಡ್ಡ ಗೇಮ್ ಆದರೆ ವರ್ಷಗಟ್ಟಲೆ ಸಂಬಳ ಕೊಡುತ್ತಾ ಹೋಗಬೇಕು, ದುಡ್ಡು ವಾಪಸ್ ಬರುವುದು ಗೇಮ್ ಹೊರಗೆ ಬಂದ ಮೇಲೆ. ದುಡ್ಡು ಹಾಕಿದವರು ಮುಂದಿನ ಖರ್ಚನ್ನು ನೋಡುತ್ತಾರೆ, ಹಿಂದಿನ ಗೇಮಿಗೆ ಬಂದ ಚಪ್ಪಾಳೆಯನ್ನಲ್ಲ. ಆ ನಿರ್ಧಾರ ಮಾಡಿದ ಕೋಣೆಯಲ್ಲಿ ನೀನು ಬಿಡಿಸಿದ ಚಿತ್ರದ ಮಾತೇ ಬಂದಿರಲಿಕ್ಕಿಲ್ಲ. ನಿನ್ನ ಅಜ್ಜ ದುಡಿದ ಹಂಚಿನ ಕಾರ್ಖಾನೆಯೂ ಮುಚ್ಚಿತು. ಎಲ್ಲರೂ ತಾರಸಿ ಮನೆ ಕಟ್ಟಲು ಶುರು ಮಾಡಿದರು, ಅಷ್ಟೇ. ಹಂಚು ಕೆಟ್ಟದು ಅಂತ ಯಾರೂ ಹೇಳಲಿಲ್ಲ. ಅಜ್ಜನೂ ತಾನು ಒತ್ತಿದ ಹಂಚನ್ನು ಒಂದು ದಿನವೂ ಹಳಿಯಲಿಲ್ಲ. ನೀನೂ ನಿನ್ನ ಕೆಲಸವನ್ನು ಹಳಿಯಬೇಡ.

ದುಃಖ ಆದರೆ ಆಗಲಿ. ನಾಲ್ಕು ದಿನ ಸುಮ್ನೆ ಮಲಗು, ಯಾರೂ ಏನೂ ಅನ್ನುವುದಿಲ್ಲ. ಆದರೆ ಜೊತೆಗಿದ್ದವರನ್ನು ಮಾತ್ರ ಬಿಡಬೇಡ. ಎನ್ಸೆಂಬಲ್ ಮುಚ್ಚಿದ ಮೇಲೆ ಅಲ್ಲಿನ ಕೆಲವರು ಸೇರಿ ರೋಬೋಟ್ ಎಂಟರ್‌ಟೈನ್‌ಮೆಂಟ್ ಕಟ್ಟಿದರು, 2011ರಲ್ಲಿ ಆರ್ಕ್ಸ್ ಮಸ್ಟ್ ಡೈ ಅನ್ನುವ ಗೇಮ್ ತಂದರು. ಇತ್ತ ಹಳೆಯ ಏಜ್ ಆಫ್ ಎಂಪೈರ್ಸ್ 2ಕ್ಕೆ ಅಭಿಮಾನಿಗಳೇ ಹೊಸ ಭಾಗ ಕಟ್ಟಿದರು. 2013ರಲ್ಲಿ ಅದು ಅಧಿಕೃತವಾಗಿಯೇ ಹೊರಬಂತು. 2022ರಲ್ಲಿ ಅದೇ ಗೇಮಿಗೆ ಬಂದ ಭಾರತದ ಭಾಗದಲ್ಲಿ ದ್ರಾವಿಡರ ಪಡೆಗೆ ಉರುಮಿ, ಅಂದರೆ ಬಳುಕುವ ಕತ್ತಿ, ಹಿಡಿದ ಸೈನಿಕರಿದ್ದಾರೆ. ಮೂಲ ಸ್ಟುಡಿಯೋ ಹೋಗಿ ಹದಿಮೂರು ವರ್ಷದ ಮೇಲೆ! ನೀವು ಐದಾರು ಮಂದಿ ಚೆನ್ನಾಗಿ ಹೊಂದಿಕೊಂಡಿದ್ದೀರಿ. ವಾರಕ್ಕೊಮ್ಮೆಯಾದರೂ ಸೇರಿ. ಒಬ್ಬನಿಗೆ ಕೆಲಸ ಸಿಕ್ಕಿದರೆ ಇನ್ನೊಬ್ಬನ ಹೆಸರು ಹೇಳಲಿ.

ಇನ್ನು ಕಾಗದಪತ್ರ. ಇದರಲ್ಲಿ ಉದಾಸೀನ ಬೇಡ. ಆಫೀಸಿನಲ್ಲಿ ಉತ್ತರ ಕೊಡುವವರು ಇರುವಾಗಲೇ ರಿಲೀವಿಂಗ್ ಲೆಟರ್, ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ತೆಗೆದುಕೋ. ನಿನಗೆ ಅಲ್ಲಿ ಐದು ವರ್ಷ ತುಂಬಿದೆ, ಗ್ರಾಚ್ಯುಟಿ ಕೇಳು. ಕೇಳುವುದಕ್ಕೆ ನಾಚಿಕೆ ಎಂತದು? ಅದು ನಿನ್ನ ದುಡ್ಡು. ಪಿಎಫ್ ಒಡೆಯಬೇಡ, ಹೊಸ ಕೆಲಸಕ್ಕೆ ಸೇರಿದಾಗ ವರ್ಗ ಮಾಡಿಸಿಕೋ. ಗೇಮಿನ ಕೊನೆಯ ಹೆಸರುಗಳ ಪಟ್ಟಿಯಲ್ಲಿ ನಿನ್ನ ಹೆಸರು ಉಂಟಾ ನೋಡು. ಯಾವ ಚಿತ್ರಗಳನ್ನು ಹೊಸ ಕಡೆ ತೋರಿಸಬಹುದು ಅಂತ ಬರಹದಲ್ಲಿ ಒಪ್ಪಿಗೆ ಪಡೆ. ಕಂಪನಿಯ ಫೈಲುಗಳನ್ನು ಮಾತ್ರ ಕದ್ದು ತರಬೇಡ, ಎಷ್ಟು ಸಿಟ್ಟಿದ್ದರೂ.

ಹೆದರಿಕೆಯಿಂದ ಸಿಕ್ಕಿದ ಮೊದಲ ಕೆಲಸಕ್ಕೆ ಹೂಂ ಅನ್ನಬೇಡ. ಬಾಡಿಗೆ ಕಷ್ಟವಾದರೆ ಮೊದಲು ನನಗೆ ಹೇಳು, ಕ್ರೆಡಿಟ್ ಕಾರ್ಡಿಗೆ ಕೈ ಹಾಕಬೇಡ. ಊರಿಗೆ ಬರುವುದಾದರೂ ಬಾ, ಇಲ್ಲಿಂದಲೇ ಕೆಲಸ ಹುಡುಕಬಹುದು.

ನನ್ನ ಅಕ್ಕನಿಗೆ, ಅಂದರೆ ನಿನ್ನ ಅಮ್ಮನಿಗೆ, ನಾನು ಇನ್ನೂ ಏನೂ ಹೇಳಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು. ಬೇರೆಯವರಿಂದ ಗೊತ್ತಾದರೆ ಕೆಲಸ ಹೋದದ್ದಕ್ಕಿಂತ ಜಾಸ್ತಿ ಅವಳಿಗೆ ಅದೇ ನೋವು. ಈ ಭಾನುವಾರದ ಒಳಗೆ ಅವಳಿಗೆ ಫೋನ್ ಮಾಡು. ಆಮೇಲೆ ನನಗೂ ಒಂದು ಮೆಸೇಜ್ ಹಾಕು, ನಾನು ಮನೆಗೆ ಹೋಗಿ ಅವಳ ಜೊತೆ ಕೂತು ಮಾತಾಡುತ್ತೇನೆ.

ಇಂತಿ,
ನಿನ್ನ ಮಾವ