ಮಗಳಿಗೊಂದು ಪತ್ರ: ಅಬೆಯ ಕಲ್ಲುಗಳ ಕೆಳಗೆ ಯಾರಿದ್ದಾರೆ, ಯಾರಿಲ್ಲ

ಪ್ರೀತಿಯ ಪುಟ್ಟಿ,

ಲಂಡನ್ನಿನ ಹಳೇ ದೊಡ್ಡ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬೆಗೆ ಭಾನುವಾರ ಬಿಟ್ಟು ಬೇರೆ ದಿನ ಹೋಗು. ಅವತ್ತು ಪ್ರಾರ್ಥನೆಗೆ ಮಾತ್ರ ಒಳಗೆ ಬಿಡುತ್ತಾರೆ. ಈವನ್‌ಸಾಂಗ್ ಎನ್ನುವ ಸಂಜೆಯ ಹಾಡಿನ ಪ್ರಾರ್ಥನೆಗೆ ಟಿಕೆಟ್ ಬೇಡ ನಿಜ, ಆದರೆ ಆಗ ಸಮಾಧಿ ನೋಡುತ್ತ ಅಡ್ಡಾಡುವ ಹಾಗಿಲ್ಲ. ಒಳಗೆ 3,000ಕ್ಕೂ ಹೆಚ್ಚು ಜನರನ್ನು ಹೂಳಿದ್ದಾರೆ. ಎಲ್ಲರನ್ನೂ ನೋಡುವ ಹಠ ಬೇಡ. ಯಾವ ಕಲ್ಲಿನ ಕೆಳಗೆ ನಿಜಕ್ಕೂ ಜನ ಇದ್ದಾರೆ, ಯಾವುದು ಬರೀ ಹೆಸರು ಎಂದು ಗುರುತಿಸುವುದು ಗೊತ್ತಿದ್ದರೆ ಸಾಕು.

ಮೊದಲು ಶಿಲುಬೆಯಾಕಾರದ ಕಟ್ಟಡದ ಉತ್ತರ ಬಾಹುವಿನಲ್ಲಿ ಸರ್ ಐರ್ ಕೂಟ್‌ನ ಸ್ಮಾರಕ ಹುಡುಕು. ಅದರ ಬರಹದಲ್ಲಿ ನಮ್ಮ ಹೈದರಾಲಿಯ ಹೆಸರಿದೆ. 1781ರಲ್ಲಿ ತಮಿಳು ಕರಾವಳಿಯ ಪೋರ್ಟೊ ನೋವೊದಲ್ಲಿ ಹೈದರನನ್ನು ಸೋಲಿಸಿದವನು ಈ ಕೂಟ್. ಸ್ಮಾರಕ ನಿಲ್ಲಿಸಿದ್ದು ಈಸ್ಟ್ ಇಂಡಿಯಾ ಕಂಪನಿ, ಹಾಗಾಗಿ ಹೊಗಳಿಕೆಯೂ ಕಂಪನಿಯದೇ. ಹಿಂದಿನ ವರ್ಷ ಪೊಳ್ಳಿಲೂರಿನಲ್ಲಿ ಅವರ ಪಡೆ ಮೈಸೂರಿನವರ ಕೈಲಿ ಮಣ್ಣು ಮುಕ್ಕಿದ್ದು ಅಲ್ಲಿ ಸಿಗುವುದಿಲ್ಲ. ಕೂಟ್ 1783ರಲ್ಲಿ ಮದ್ರಾಸಿನಲ್ಲಿ ಸತ್ತ. ದೇಹ ಇರುವುದು ಹ್ಯಾಂಪ್‌ಶೈರಿನ ರಾಕ್‌ಬೋರ್ನ್‌ನಲ್ಲಿ. ಇಲ್ಲಿರುವುದು ಅಮೃತಶಿಲೆ ಅಷ್ಟೇ. 1857ರ ದಂಗೆ ಅಡಗಿಸಿದ ಔಟ್‌ರಾಮ್, ಲಾರ್ಡ್ ಕ್ಲೈಡ್, ಜಾನ್ ಲಾರೆನ್ಸ್ ಮಾತ್ರ ನೇವ್ ಎನ್ನುವ ಉದ್ದ ಪಡಸಾಲೆಯ ನೆಲದಡಿಯೇ ಇದ್ದಾರೆ.

ಒಂದು ಅಂದಾಜು ಹೇಳುತ್ತೇನೆ. ಗೋಡೆಗೆ ಒರಗಿಸಿದ ಮೂರ್ತಿಗಿಂತ ನೆಲಕ್ಕೆ ಹಾಸಿದ ಚಪ್ಪಡಿಯನ್ನು ಹೆಚ್ಚು ನಂಬು. ಸಾಹಿತಿಗಳ ಮೂಲೆಯಾದ ಪೊಯೆಟ್ಸ್ ಕಾರ್ನರ್‌ನಲ್ಲಿ ಷೇಕ್ಸ್‌ಪಿಯರ್ ಪೂರ್ತಿ ಎತ್ತರಕ್ಕೆ ನಿಂತಿದ್ದಾನೆ, ಸಮಾಧಿ ಸ್ಟ್ರಾಟ್‌ಫರ್ಡ್‌ನಲ್ಲಿದೆ. ಜೇನ್ ಆಸ್ಟೆನ್‌ಳದ್ದು ವಿಂಚೆಸ್ಟರ್‌ನಲ್ಲಿ. ಡಿಕನ್ಸ್ ನಿಜಕ್ಕೂ ಇಲ್ಲೇ ಇದ್ದಾನೆ, 1870ರಿಂದ. ಆದರೆ ಅಲ್ಲಿ ನೆಲದಲ್ಲೂ ಬರೀ ನೆನಪಿನ ಕಲ್ಲುಗಳಿವೆ, ಆದ್ದರಿಂದ 'ಹಿಯರ್ ಲೈಸ್' (ಇಲ್ಲಿ ಮಲಗಿದ್ದಾನೆ), 'ಬರೀಡ್' (ಹೂಳಲಾಗಿದೆ) ಎಂಬ ಮಾತಿದೆಯೇ ನೋಡು. ಅದೂ ಕೈಕೊಡುತ್ತದೆ: ಡಾರ್ವಿನ್‌ನ ಕಲ್ಲಿನಲ್ಲಿ ಹೆಸರು, ಹುಟ್ಟು, ಸಾವು ಬಿಟ್ಟರೆ ಇನ್ನೇನಿಲ್ಲ, ಆತ ಇರುವುದು ಅದರ ಕೆಳಗೇ. ಕಾದಂಬರಿಕಾರ ಥಾಮಸ್ ಹಾರ್ಡಿಯದು ಇನ್ನೂ ವಿಚಿತ್ರ. ಬೂದಿ ಇಲ್ಲಿ, ಹೃದಯ ಅವನ ಊರಿನ ಕಡೆ ಸ್ಟಿನ್ಸ್‌ಫರ್ಡ್‌ನಲ್ಲಿ. ಆಫ್ರಿಕಾ ಸುತ್ತಿದ ಅನ್ವೇಷಕ ಲಿವಿಂಗ್‌ಸ್ಟನ್‌ನ ಹೃದಯ ಅಲ್ಲೇ ಮರದಡಿ ಉಳಿಯಿತು. ಮಿಕ್ಕ ದೇಹವನ್ನು ಅವನ ಆಫ್ರಿಕನ್ ಸಹಾಯಕರಾದ ಚೂಮಾ, ಸೂಸಿ ಮತ್ತು ಸಂಗಡಿಗರು ತಿಂಗಳುಗಟ್ಟಲೆ ಹೊತ್ತು ಕರಾವಳಿಗೆ ತಂದರು. ಸಿಂಹ ಕಚ್ಚಿ ಮುರಿದಿದ್ದ ಎಡತೋಳಿನ ಮೂಳೆ ನೋಡಿ ಲಂಡನ್ನಿನಲ್ಲಿ ಗುರುತು ಹಿಡಿದದ್ದು.

ನ್ಯೂಟನ್‌ನ ಸ್ಮಾರಕದ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಅದರಲ್ಲಿ ಸತ್ತದ್ದು 1726ರ ಮಾರ್ಚ್ 20 ಎಂದಿದೆ, ಪುಸ್ತಕಗಳಲ್ಲಿ 1727. ಕೆತ್ತಿದವನದು ತಪ್ಪಲ್ಲ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಐದು ದಿನ ಮೊದಲು ತೀರಿಕೊಂಡದ್ದರಿಂದ ಹಳೇ ವರ್ಷವೇ ಬಿತ್ತು. ಸಂಗೀತಗಾರ ಹ್ಯಾಂಡೆಲ್ ಹುಟ್ಟಿದ್ದು 1684 ಎಂದು ಕೆತ್ತಿರುವುದಕ್ಕೂ ಇದೇ ಕಾರಣ. ಜನವರಿಯಿಂದ ಮಾರ್ಚ್ 24ರವರೆಗಿನ ಹಳೆಯ ತಾರೀಖು ಕಂಡರೆ ಒಂದು ವರ್ಷ ಕೂಡಿಸಿಕೋ. ನ್ಯೂಟನ್, ಡಾರ್ವಿನ್ ನಡುವೆ 2018ರಲ್ಲಿ ಹಾಕಿಂಗ್ ಬೂದಿ ಇಟ್ಟಿದ್ದಾರೆ. ಕಪ್ಪು ಕಲ್ಲಿನ ಮೇಲೆ ಅವನದೇ ಸಮೀಕರಣ.

ಅಲ್ಲೇ ಉತ್ತರ ಪಕ್ಕದ ಓಣಿಯಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಪುಟ್ಟ ಚೌಕ ಕಲ್ಲು. ಅವನನ್ನು ನಿಂತಂತೆ ಹೂಳಿದ್ದರು. 1849ರಲ್ಲಿ ಪಕ್ಕದಲ್ಲಿ ಅಗೆದಾಗ ಕಾಲಿನ ಮೂಳೆಗಳು ಮರಳಿನಲ್ಲಿ ನೆಟ್ಟಗೆ ಕಂಡವು. ಈಗ ನೆಲದಲ್ಲಿರುವುದು ಬದಲಿ ಕಲ್ಲು, ಮೂಲದ್ದು ಗೋಡೆಗೇರಿದೆ.

ಮೊದಲನೇ ಎಲಿಜಬೆತ್ ರಾಣಿಯ ಗೋರಿಯ ಮೇಲೆ ಮಲಗಿರುವ ಮೂರ್ತಿ ಒಂದೇ, ಕೆಳಗೆ ಇಬ್ಬರು. ಬದುಕಿದ್ದಾಗ ತಂಗಿಯನ್ನು ಸೆರೆಯಲ್ಲಿಟ್ಟಿದ್ದ ಅಕ್ಕ ಮೇರಿ ಅದೇ ನೆಲಮಾಳಿಗೆಯಲ್ಲಿ. ಅವಳ ಪಾಲಿಗೆ ಬಂದದ್ದು ಲ್ಯಾಟಿನ್ ಬರಹದಲ್ಲೊಂದು ಹೆಸರು. ದೊರೆಯ ತಲೆ ತೆಗೆಸಿ ದೇಶ ಆಳಿದ ಕ್ರಾಮ್‌ವೆಲ್‌ನ ಕಲ್ಲೂ ಇದೆ, ಒಳಗೆ ಖಾಲಿ: 1661ರಲ್ಲಿ ಹೆಣ ಹೊರತೆಗೆದು ಗಲ್ಲಿಗೇರಿಸುವ ಜಾಗವಾದ ಟೈಬರ್ನ್‌ನಲ್ಲಿ ನೇಣಿಗೆ ಹಾಕಿದರು.

ನೆಲದ ಸಮಾಧಿಗಳ ಮೇಲೆ ಎಲ್ಲರೂ ನಡೆಯುತ್ತಾರೆ, ಮುಜುಗರ ಬೇಡ. ಅನಾಮಿಕ ಯೋಧನ ಸಮಾಧಿ ಮಾತ್ರ ತುಳಿಯಬಾರದು. ಪಶ್ಚಿಮ ಬಾಗಿಲ ಬಳಿ, ಸುತ್ತ ಕೆಂಪು ಪಾಪಿ ಹೂವಿನ ಅಂಚಿರುತ್ತದೆ. 1920ರಲ್ಲಿ ಹೂಳಿದ್ದು, ಗುಂಡಿ ತುಂಬಿದ್ದು ಫ್ರಾನ್ಸಿನಿಂದ ತಂದ ಮಣ್ಣಿನಿಂದ.

1066ರಲ್ಲಿ ತೀರಿಕೊಂಡ ಎಡ್ವರ್ಡ್ ದೊರೆಯ ಸಮಾಧಿ ಪೂಜಾಪೀಠದ (ಹೈ ಆಲ್ಟರ್) ಹಿಂದಿದೆ. ಸುಮ್ಮನೆ ಹೋದರೆ ಅಲ್ಲಿಗೆ ಬಿಡುವುದಿಲ್ಲ, ಅಬೆಯ ಸಿಬ್ಬಂದಿಯಾದ ವರ್ಜರ್ ಕರೆದೊಯ್ಯುವ ಟೂರ್ ಸೇರಬೇಕು. ಒಳಗೆ ಕಾಲಿಟ್ಟ ಕೂಡಲೇ ವಿಚಾರಿಸು, ಆಮೇಲೆ ಎಂದರೆ ಜಾಗ ಸಿಗುವುದು ಕಷ್ಟ.

ನಿನ್ನ ಅಪ್ಪ