ಕೆರೆಯ ಹೂಳು ತೆಗೆಯುವ ಮೊದಲು ಒಂದು ಕೊಳವೆ ಇಳಿಸಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟಾಗಲೆಲ್ಲ ‘ವಾಡಿಕೆಗಿಂತ ಇಷ್ಟು ಕಡಿಮೆ’ ಎಂಬ ಸುದ್ದಿ ಓದುತ್ತೇವೆ. ಹವಾಮಾನ ಇಲಾಖೆಯ ಈಗಿನ ವಾಡಿಕೆ ಎಂದರೆ 1971ರಿಂದ 2020ರವರೆಗಿನ ಸರಾಸರಿ. ಬರೀ ಐವತ್ತು ವರ್ಷ. ಬಹಮನಿ ಅರಸರು ಕಲಬುರಗಿಯಿಂದ ಆಳುತ್ತಿದ್ದಾಗ, 1396ರ ಸುಮಾರಿಗೆ ಶುರುವಾದ ದುರ್ಗಾದೇವಿ ಬರ ಹನ್ನೆರಡು ವರ್ಷ ಕಾಡಿತು ಎನ್ನುತ್ತಾರೆ. ಅಂಥವು ಇನ್ನೆಷ್ಟು ಸಲ ಬಂದಿದ್ದವು? ತೊಗರಿ ನಂಬಿ ಬದುಕುವ ನಮಗೆ ಇದು ತಿಳಿಯಬೇಕಲ್ವಾ?

ಹಳೆಯ ಲೆಕ್ಕ ತೆಗೆಯುವುದು ಆಗದ ಮಾತಲ್ಲ. ನಮ್ಮ ಕೆರೆಗಳ ಹೂಳಿನಲ್ಲೂ ಅದು ಸಿಗಬಹುದು. ಮೊದಲು ದೂರದ ಒಂದು ಉದಾಹರಣೆ ನೋಡಿ. ಅಂಟಾರ್ಕ್ಟಿಕಾದಲ್ಲಿ ಬಿದ್ದ ಹಿಮ ಕರಗದೆ ಪದರದ ಮೇಲೆ ಪದರವಾಗಿ ಕೂರುತ್ತದೆ. ಟೊಳ್ಳು ಡ್ರಿಲ್ ಇಳಿಸಿ ಅದನ್ನು ಉದ್ದನೆಯ ಮಂಜುಗಡ್ಡೆಯ ಕಂಬವಾಗಿ ಮೇಲೆತ್ತುತ್ತಾರೆ. ಅದೇ ಐಸ್ ಕೋರ್. ಪದರದ ದಪ್ಪದಿಂದ ಆ ವರ್ಷ ಬಿದ್ದ ಹಿಮ ಗೊತ್ತಾಗುತ್ತದೆ. ಸುಮ್ನೆ ಸ್ಕೇಲ್ ಇಟ್ಟು ಅಳೆದರೆ ಸಾಲದು. ಕೆಳಗಿನ ಪದರಗಳು ಮೇಲಿನ ಭಾರಕ್ಕೆ ಒತ್ತಿಕೊಂಡು, ನೆಲದ ಮೇಲಿನ ಮಂಜುಗಡ್ಡೆ ನಿಧಾನವಾಗಿ ಹರಿಯುವುದರಿಂದ ಅಗಲಕ್ಕೆ ಹಿಗ್ಗಿ, ತೆಳುವಾಗಿರುತ್ತವೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಸವಿ ತಪ್ಪದಿರಲು ಜ್ವಾಲಾಮುಖಿಗಳ ಗುರುತು ಹುಡುಕುತ್ತಾರೆ. 1815ರ ತಂಬೋರಾ ಸ್ಫೋಟದ ಗಂಧಕ ಎರಡೂ ಧ್ರುವಗಳ ಹಿಮದಲ್ಲಿ ಸಿಕ್ಕಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂಟಾರ್ಕ್ಟಿಕಾದ ಲಾ ಡೋಮ್ ಎಂಬ ಜಾಗದ ಕಥೆ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 750 ವರ್ಷಗಳ ಹಿಮದ ಲೆಕ್ಕವಿದೆ. ಅಲ್ಲಿ ಹಿಮ ಜಾಸ್ತಿ ಬಿದ್ದಾಗ, ಸಮುದ್ರದಾಚೆ ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ ಮಳೆ ಕಡಿಮೆ. ಎರಡಕ್ಕೂ ಗಾಳಿಯ ಓಟವೇ ಕಾರಣ. 1970ರ ದಶಕದಿಂದ ಅಲ್ಲಿ ಗೋಧಿ ಬೆಳೆಯುವವರನ್ನು ಕಾಡುತ್ತಿರುವ ಬರ ಎಷ್ಟು ಅಪರೂಪದ್ದು ಎಂಬುದನ್ನು ಆ ಹಿಮ ತೋರಿಸಿಕೊಟ್ಟಿತು.

ಆ ಹಿಮಕ್ಕೆ ನಮ್ಮೂರಿನ ಮಳೆ ಗೊತ್ತಿಲ್ಲ, ನಿಜ. ಆದರೆ ನಮ್ಮ ಹಳೆಯ ಕೆರೆಗಳ ತಳದಲ್ಲೂ ಪದರಗಳಿವೆ. ಜೋರು ಮಳೆಯ ವರ್ಷ ಬಂದ ಮರಳು, ನೀರು ಕಡಿಮೆಯಾದಾಗ ಕೂತ ನುಣುಪು ಮಣ್ಣು, ಹೂವಿನ ಪರಾಗ ಎಲ್ಲವೂ ಅಲ್ಲಿ ಉಳಿದಿರಬಹುದು. ಇಂಗಾಲದ ಪರೀಕ್ಷೆಯಿಂದ ವಯಸ್ಸೂ ಹೇಳಬಹುದು. ಬೇಸಿಗೆಯಲ್ಲಿ ಜೆಸಿಬಿ ಇಳಿದರೆ ಒಂದೇ ದಿನದಲ್ಲಿ ಎಲ್ಲ ಕಲಸಿಹೋಗುತ್ತದೆ. ಹೂಳು ಹೊಲಕ್ಕೆ ಬೇಕು, ನಾನೂ ಬೇಡ ಎನ್ನುವುದಿಲ್ಲ. ಜೆಸಿಬಿ ಬರುವ ಮೊದಲು ವಿಶ್ವವಿದ್ಯಾಲಯದ ಭೂವಿಜ್ಞಾನದವರು ಒಂದು ಕೊಳವೆ ಇಳಿಸಿ ಮಾದರಿ ತೆಗೆದಿಟ್ಟುಕೊಳ್ಳಲಿ. ಹೂಳೆತ್ತುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಜಿಲ್ಲಾಡಳಿತ ಹೂಳೆತ್ತಲು ಅನುಮತಿ ಕೊಡುವಾಗಲೇ ಈ ಒಂದು ಷರತ್ತು ಹಾಕಬೇಕು. ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಮಳೆ ರಿಜಿಸ್ಟರ್‌ಗಳು ಉಳಿದಿದ್ದರೆ, ಗೆದ್ದಲು ಹಿಡಿಯುವ ಮೊದಲು ಅವನ್ನೂ ಸ್ಕ್ಯಾನ್ ಮಾಡಿಸಲಿ.

– ಒಬ್ಬ ತೊಗರಿ ಬೆಳೆಗಾರ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ