ಪಟ್ಟಿಗಳಿಂದ ಶುರುಮಾಡು

ಪ್ರಿಯ ಶ್ರೀಧರ,

ಯೆಹೂದಿ ಅನುಭಾವದ ವಿದ್ವಾಂಸ ಗೆರ್ಶೋಮ್ ಶೋಲೆಮ್ ಅವರನ್ನು ಯಾವ ಪುಸ್ತಕದಿಂದ ಓದಲು ಶುರುಮಾಡಲಿ ಎಂದು ಕೇಳಿದ್ದೀಯ. ಯಾರನ್ನು ಕೇಳಿದರೂ 1941ರಲ್ಲಿ ಬಂದ ಅವರ ಇಂಗ್ಲಿಷ್ ಉಪನ್ಯಾಸಗಳ ಸಂಪುಟವನ್ನೇ (Major Trends in Jewish Mysticism) ಹೆಸರಿಸುತ್ತಾರೆ. ಓದು, ಖಂಡಿತ ಓದು. ಆದರೆ ಅವರು ಈ ಕ್ಷೇತ್ರವನ್ನು ಕಟ್ಟಿದ್ದು ಹೇಗೆ ಎಂದು ತಿಳಿಯಬೇಕಿದ್ದರೆ ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳನ್ನು ನೋಡಬೇಕು. ಆಗ ಅವರು ಮಾಡಿದ್ದು ಹೆಚ್ಚಾಗಿ ಪಟ್ಟಿ ಮಾಡುವ ಕೆಲಸ. ಯಾವ ಹಸ್ತಪ್ರತಿ ಎಲ್ಲಿದೆ, ಯಾರು ಬರೆದದ್ದು, ಯಾವ ಕಾಲದ್ದು, ಅಚ್ಚಾದದ್ದು ಯಾವಾಗ? ಯೆಹೂದಿ ಅನುಭಾವದ ಅಧ್ಯಯನ ಇವತ್ತಿಗೂ ನಿಂತಿರುವುದು ಆ ಪಟ್ಟಿಗಳ ಮೇಲೆ ಎಂದು ನಾನು ನಂಬಿದ್ದೇನೆ.

ಅವರು ಹುಟ್ಟಿದ್ದು 1897ರಲ್ಲಿ, ಬರ್ಲಿನ್ನಿನಲ್ಲಿ. ತಂದೆಗೆ ಮುದ್ರಣಾಲಯವಿತ್ತು. ಮಗ ಮೊದಲು ಹಿಡಿದದ್ದು ಗಣಿತ ಮತ್ತು ತತ್ತ್ವಶಾಸ್ತ್ರ. ಯೇನಾದಲ್ಲಿ ತರ್ಕಶಾಸ್ತ್ರಜ್ಞ ಫ್ರೇಗೆ ಅವರ ಪಾಠವನ್ನೂ ಕೇಳಿದ್ದರು. 1919ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಹೋದರು. ಅದಕ್ಕೆ ಮುಖ್ಯ ಕಾರಣ ಅಲ್ಲಿನ ಗ್ರಂಥಾಲಯದಲ್ಲಿದ್ದ ಕಬ್ಬಾಲಾ, ಅಂದರೆ ಯೆಹೂದಿ ಅನುಭಾವ ಪರಂಪರೆಯ, ಹಸ್ತಪ್ರತಿಗಳು. ಹತ್ತೊಂಬತ್ತನೆಯ ಶತಮಾನದ ಯೆಹೂದಿ ಇತಿಹಾಸಕಾರರಲ್ಲಿ ದೊಡ್ಡವರಾದ ಹೈನ್ರಿಖ್ ಗ್ರೆಟ್ಸ್ ಕಬ್ಬಾಲಾವನ್ನು ಬುದ್ಧಿಗೆ ಕವಿದ ಮಬ್ಬು ಎಂಬಂತೆ ಕಂಡವರು. ಹಾಗಾಗಿ ಮಾರ್ಗದರ್ಶನ ಮಾಡಬಲ್ಲ ತಜ್ಞರೇ ವಿಶ್ವವಿದ್ಯಾಲಯಗಳಲ್ಲಿ ಇರಲಿಲ್ಲ. ಡಾಕ್ಟರೇಟಿಗೆ ಅವರು ಆರಿಸಿಕೊಂಡದ್ದು 'ಬಾಹಿರ್' ಎಂಬ ಚಿಕ್ಕ, ಒಡಕು ಒಡಕಾದ ಗ್ರಂಥವನ್ನು. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರದೇಶದಲ್ಲಿ ಕಾಣಿಸಿಕೊಂಡ ಪಠ್ಯ ಅದು. ಮ್ಯೂನಿಕ್‌ನ 209ನೆಯ ಹೀಬ್ರೂ ಹಸ್ತಪ್ರತಿಯನ್ನು ಆಧಾರವಾಗಿಟ್ಟುಕೊಂಡು ಜರ್ಮನ್ ಅನುವಾದ, ಟಿಪ್ಪಣಿ ಸಿದ್ಧಪಡಿಸಿದರು. 1298ರಲ್ಲಿ ನಕಲು ಮಾಡಿದ ಪ್ರತಿ ಅದು. ಪ್ರಬಂಧ 1922ರಲ್ಲಿ ಮುಗಿಯಿತು, 1923ರಲ್ಲಿ ಅಚ್ಚಾಯಿತು.

ನೀನು ಬಾಹಿರ್ ಓದುವಾಗ ಒಂದು ಕಡೆ ಎಚ್ಚರವಿರಲಿ. ಶೋಲೆಮ್ ಅದನ್ನು 130 ಖಂಡಗಳಾಗಿ ಎಣಿಸಿದರು. 1951ರಲ್ಲಿ ರೂವೆನ್ ಮಾರ್ಗಲಿಯೋತ್ ತಂದ ಆವೃತ್ತಿಯಲ್ಲಿ ಅದೇ ಪಠ್ಯ 200 ಖಂಡಗಳಾಗಿದೆ. ಯಾರಾದರೂ '85ನೆಯ ಖಂಡ' ಎಂದಷ್ಟೇ ಬರೆದಿದ್ದರೆ ಯಾರ ಎಣಿಕೆ ಎಂದು ಮೊದಲು ಪತ್ತೆಮಾಡು. ಇಲ್ಲದಿದ್ದರೆ ಬೇರೆಯೇ ಮಾತಿನ ಮೇಲೆ ವಾದ ಕಟ್ಟುತ್ತೀಯ. ಅಚ್ಚಾದ ಲೇಖನಗಳಲ್ಲೂ ಈ ಗೊಂದಲ ಸಿಗುತ್ತದೆ.

1923ರಲ್ಲಿ ಅವರು ಜೆರುಸಲೇಮಿಗೆ ಹೋದರು. ಹೂಗೋ ಬೆರ್ಗ್‌ಮನ್ ನಡೆಸುತ್ತಿದ್ದ ಗ್ರಂಥಾಲಯದಲ್ಲಿ ಹೀಬ್ರೂ ವಿಭಾಗದ ಹೊಣೆ ಸಿಕ್ಕಿತು. ಹೀಬ್ರೂ ವಿಶ್ವವಿದ್ಯಾಲಯ ಉದ್ಘಾಟನೆಯಾದದ್ದು 1925ರ ಏಪ್ರಿಲ್ 1ರಂದು. ಅದೇ ವರ್ಷ ಅಲ್ಲಿ ಉಪನ್ಯಾಸಕರಾದರು, 1933ರಲ್ಲಿ ಪ್ರಾಧ್ಯಾಪಕರು. ಅವರ ಬದುಕನ್ನು ಬರೆಯುವ ಹಲವರು ಗ್ರಂಥಾಲಯದ ದಿನಗಳನ್ನು ಹೊಟ್ಟೆಪಾಡಿನ ಕೆಲಸವೆಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಗ್ರಂಥಾಲಯಗಳು ಪುಸ್ತಕ ಜೋಡಿಸಲು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಇಡೀ ಯೆಹೂದಿ ಧರ್ಮಕ್ಕೆ ಇದ್ದದ್ದು 296 ಎಂಬ ಒಂದೇ ಸಂಖ್ಯೆ. ಸಾವಿರಾರು ಹೀಬ್ರೂ ಪುಸ್ತಕಗಳಿರುವ ಕಡೆ ಅದು ಯಾವುದಕ್ಕೂ ಸಾಲದು. ಶೋಲೆಮ್ ಅದನ್ನು ಒಡೆದು, ವಿಸ್ತರಿಸಿ, 1927ರಲ್ಲಿ ಒಂದು ವರ್ಗೀಕರಣ ಕ್ರಮವನ್ನು ಪ್ರಕಟಿಸಿದರು. ಪುಸ್ತಕವನ್ನು ಯಾವ ಕಪಾಟಿನಲ್ಲಿಡಬೇಕು ಎಂದು ತೀರ್ಮಾನಿಸಲು ಅದು ಏನು, ಯಾವುದರ ಮುಂದುವರಿಕೆ, ಯಾರ ಪರಂಪರೆ ಎಂಬುದು ತಿಳಿದಿರಲೇಬೇಕು. ಅದೇ ವರ್ಷ ಕಬ್ಬಾಲಾ ಕುರಿತು ಅಚ್ಚಾದ ಬರಹಗಳ ಸೂಚಿಯನ್ನೂ, 1930ರಲ್ಲಿ ಜೆರುಸಲೇಮಿನ ಕಬ್ಬಾಲಾ ಹಸ್ತಪ್ರತಿಗಳ ಸೂಚಿಪಟ್ಟಿಯನ್ನೂ ಹೊರತಂದರು.

ಹಸ್ತಪ್ರತಿ ಸೂಚಿ ಮಾಡುವುದು ಕಬ್ಬಾಲಾದ ಮಟ್ಟಿಗೆ ಯಾಕೆ ಇಷ್ಟು ಕಷ್ಟ ಎಂದರೆ, ಒಂದೇ ಕಟ್ಟಿನೊಳಗೆ ಹತ್ತಾರು ಬಿಡಿ ಬರಹಗಳಿರುತ್ತವೆ. ಎಷ್ಟೋ ಬರಹಗಳಿಗೆ ಶೀರ್ಷಿಕೆಯಿಲ್ಲ. ಇದ್ದರೂ ಒಂದೇ ಬರಹಕ್ಕೆ ಮೂರು ಕಡೆ ಮೂರು ಹೆಸರು. ಕರ್ತೃವಿನ ಹೆಸರನ್ನಂತೂ ಹಿಂದಿನ ಋಷಿಸಮಾನರ ಮೇಲೆ ಹೊರಿಸಿರುತ್ತಾರೆ. ಆದ್ದರಿಂದ ಶೀರ್ಷಿಕೆಯನ್ನು ಬದಿಗಿಟ್ಟು, ಪ್ರತಿ ಬರಹದ ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಬರೆದುಕೊಳ್ಳಬೇಕು. ಆಮೇಲೆ ಎಷ್ಟು ಹಾಳೆ, ಬರಹ ಸ್ಪೇನಿನ ಶೈಲಿಯದೋ ಅಷ್ಕೆನಾಜಿಯೋ (ಜರ್ಮನಿ ಕಡೆಯ ಯೆಹೂದಿಗಳದು) ಇಟಲಿಯದೋ, ಕಾಗದದ ನೀರುಗುರುತು ಯಾವುದು, ಕೊನೆಗೆ ಲಿಪಿಕಾರ ತನ್ನ ಹೆಸರು, ಊರು, ಕಾಲ ಬರೆದಿದ್ದಾನೆಯೇ ಎಂದು ನೋಡಬೇಕು. ಇಲ್ಲಿ ಎಡವುವವರು ಬಹಳ. ಲಿಪಿಕಾರ ಕೆಲವೊಮ್ಮೆ ತನ್ನ ಮುಂದಿದ್ದ ಮೂಲಪ್ರತಿಯ ಕಾಲವನ್ನೂ ಹಾಗೇ ನಕಲು ಮಾಡಿರುತ್ತಾನೆ. ಕಾಗದದ ನೀರುಗುರುತು ಅದಕ್ಕಿಂತ ನೂರು ವರ್ಷ ಈಚಿನದಾಗಿದ್ದರೆ ನಂಬಬೇಕಾದದ್ದು ಕಾಗದವನ್ನು.

ಈ ಶಿಸ್ತಿನ ಫಲ ಕಾಣುವುದು ಕಬ್ಬಾಲಾದ ಮುಖ್ಯ ಗ್ರಂಥವಾದ ಝೋಹರ್ ವಿಷಯದಲ್ಲಿ. ಸಂಪ್ರದಾಯದ ಪ್ರಕಾರ ಅದು ಎರಡನೆಯ ಶತಮಾನದಲ್ಲಿ ಗಲಿಲಾಯದಲ್ಲಿ (ಈಗಿನ ಉತ್ತರ ಇಸ್ರೇಲ್) ಬಾಳಿದ ಗುರು ಶಿಮೋನ್ ಬಾರ್ ಯೋಹಾಯ್ ಅವರದು. ಆದರೆ ಬೆಳಕಿಗೆ ಬಂದದ್ದು ಹದಿಮೂರನೆಯ ಶತಮಾನದ ಕೊನೆಯಲ್ಲಿ, ಸ್ಪೇನಿನ ಕಸ್ಟೀಲ್ ಸೀಮೆಯಲ್ಲಿ, ಮೋಶೆ ದೆ ಲೆಯೋನ್ ಎಂಬಾತನ ಕೈಯಿಂದ. 1305ರಲ್ಲಿ ಅಲ್ಲಿಗೆ ಬಂದ ಆಕ್ಕೋ ಊರಿನ ಇಸಾಕ್ ವಿಚಾರಿಸಿದಾಗ, ಆಗಷ್ಟೇ ತೀರಿಕೊಂಡಿದ್ದ ಮೋಶೆಯ ಹೆಂಡತಿ 'ಹಳೆಯ ಗ್ರಂಥ ಯಾವುದೂ ಇರಲಿಲ್ಲ, ತಲೆಯಿಂದಲೇ ಬರೆಯುತ್ತಿದ್ದರು' ಎಂದಳಂತೆ. ಗ್ರೆಟ್ಸ್ ಈ ಮಾತನ್ನು ಹಿಡಿದು ಮೋಶೆಯನ್ನು ವಂಚಕನೆಂದು ಕರೆದರು. ಶೋಲೆಮ್‌ಗೆ ಅಷ್ಟು ಸಾಲಲಿಲ್ಲ. ಹೆಂಡತಿಯ ಮಾತೆಂದು ಮತ್ತೊಬ್ಬರು ಹೇಳಿದ್ದನ್ನು ಇಸಾಕ್ ಬರೆದಿಟ್ಟ; ಅದು ನಮಗೆ ದಕ್ಕಿರುವುದು ಇನ್ನೂ ಈಚಿನ ಒಂದು ವೃತ್ತಾಂತದೊಳಗೆ. ವಿಶ್ವವಿದ್ಯಾಲಯದಲ್ಲಿ ಅವರ ಪ್ರಾರಂಭೋಪನ್ಯಾಸದ ವಿಷಯವೇ ಝೋಹರನ್ನು ಮೋಶೆ ಬರೆದನೇ ಎಂಬ ಪ್ರಶ್ನೆ. ಅದು 1926ರಲ್ಲಿ ಅಚ್ಚಾಯಿತು, ಆಗ ಅವರ ಒಲವು ಇದ್ದದ್ದು ಹಳೆಯ ಪದರಗಳಿವೆ ಎನ್ನುವ ಕಡೆಗೆ.

ಮುಂದಿನ ಹನ್ನೆರಡು ವರ್ಷಗಳಲ್ಲಿ ಆ ಅಭಿಪ್ರಾಯ ತಿರುಗಿತು. ತಿರುಗಿಸಿದ್ದು ಪಠ್ಯದ ಭಾಷೆ. ಝೋಹರ್‌ನ ಅರಮಾಯಿಕ್ (ಹೀಬ್ರೂವಿನ ಸೋದರ ಭಾಷೆ) ಯಾರೂ ಆಡಿದ ಭಾಷೆಯಲ್ಲ. ಬಾಬಿಲೋನಿನ ತಾಲ್ಮೂದ್ (ಯೆಹೂದಿ ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹ) ಮತ್ತು ಓಂಕೆಲೋಸನ ಬೈಬಲ್ ಅನುವಾದದಿಂದ ಹೆಕ್ಕಿ ಪೋಣಿಸಿದ್ದು. ಕ್ರಿಯಾಪದದ ರೂಪಗಳು ಒಂದಕ್ಕೊಂದು ಕಲಸಿಹೋಗಿವೆ. ಮಧ್ಯಯುಗದ ತತ್ತ್ವಶಾಸ್ತ್ರದ ಪಾರಿಭಾಷಿಕ ಪದಗಳು ಅರಮಾಯಿಕ್ ವೇಷದಲ್ಲಿ ಬರುತ್ತವೆ. ಭೂಗೋಳವೂ ಸಾಕ್ಷಿ ಹೇಳುತ್ತದೆ. ಕಪಡೋಕಿಯ ಎಂಬುದು ಏಷ್ಯಾ ಮೈನರಿನ ಒಂದು ಪ್ರಾಂತ್ಯ. ಝೋಹರ್‌ನಲ್ಲಿ ಅದು ಗಲಿಲಾಯದ ಹಳ್ಳಿಯಾಗಿಬಿಟ್ಟಿದೆ. ಗಲಿಲಾಯದಲ್ಲೇ ಬಾಳಿದವನು ಹಾಗೆ ಬರೆಯಲಾರ. ಕೊನೆಗೆ, ಮೋಶೆ ತನ್ನದೇ ಹೆಸರಿನಲ್ಲಿ ಬರೆದ ಹೀಬ್ರೂ ಗ್ರಂಥಗಳಲ್ಲಿ ಇದೇ ನುಡಿಕಟ್ಟು, ಇದೇ ವಿಚಾರಸರಣಿ, ಇದೇ ಚಾಳಿ. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳ ಹೊತ್ತಿಗೆ ತೀರ್ಮಾನ ಖಚಿತವಾಗಿತ್ತು: ಮುಖ್ಯ ಭಾಗವೆಲ್ಲ ಮೋಶೆಯದೇ, ಅದರ ಜೊತೆ ಸೇರಿಕೊಂಡ 'ರಾಯಾ ಮೆಹೆಮ್ನಾ' ಮತ್ತು 'ತಿಕ್ಕುನೀಮ್' ಎಂಬ ಭಾಗಗಳು ಇನ್ನೊಬ್ಬರವು. 1941ರ ಸಂಪುಟದ ಐದನೆಯ ಅಧ್ಯಾಯ ಪೂರ್ತಿ ಈ ವಾದಕ್ಕೇ ಮೀಸಲು. ಅದನ್ನು ಎರಡು ಸಲ ಓದು. ತನ್ನ ಮೊದಲ ನಿಲುವನ್ನು ತಾನೇ ಕಳಚಿದ ವಿದ್ವಾಂಸನ ಕೆಲಸ ಹೇಗಿರುತ್ತದೆಂದು ಅಲ್ಲಿ ಕಾಣುತ್ತದೆ.

ಮುಂದಿನದು ನಿನಗೆ ಗೊತ್ತಿರುವಂಥದೇ: 1957ರಲ್ಲಿ ಹೀಬ್ರೂವಿನಲ್ಲಿ ಶಬ್ಬತಾಯ್ ಝ್ವಿ (ತಾನೇ ಮೆಸ್ಸೀಯನೆಂದು ಸಾರಿಕೊಂಡ ಹದಿನೇಳನೆಯ ಶತಮಾನದವನು) ಕುರಿತ ಎರಡು ಸಂಪುಟ, 1965ರಲ್ಲಿ ನಿವೃತ್ತಿ, 1968ರಿಂದ ಇಸ್ರೇಲಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷತೆ, 1982ರಲ್ಲಿ ಸಾವು. ಅವರು ಕೂಡಿಸಿದ ಸುಮಾರು 25,000 ಪುಸ್ತಕಗಳು ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅಂಚುಗಳ ತುಂಬ ಅವರದೇ ಟಿಪ್ಪಣಿ. ಅವರ ಝೋಹರ್ ಪ್ರತಿಯನ್ನಂತೂ ಟಿಪ್ಪಣಿಗಳ ಸಮೇತ 1992ರಲ್ಲಿ ಆರು ಸಂಪುಟಗಳಲ್ಲಿ ಯಥಾವತ್ತಾಗಿ ಅಚ್ಚುಹಾಕಿದ್ದಾರೆ.

ಶೋಲೆಮ್ ಹೇಳಿದ್ದೇ ಕೊನೆ ಎಂದು ಮಾತ್ರ ತಿಳಿಯಬೇಡ. ಮುಂದಿನ ತಲೆಮಾರಿನ ವಿದ್ವಾಂಸ ಮೋಶೆ ಇಡೆಲ್ 1988ರ ಪುಸ್ತಕದಲ್ಲಿ (Kabbalah: New Perspectives) ಇಡೀ ಚೌಕಟ್ಟನ್ನೇ ಪ್ರಶ್ನಿಸಿದರು. ಶೋಲೆಮ್ ಸಿದ್ಧಾಂತಕ್ಕೆ ಕೊಟ್ಟ ತೂಕವನ್ನು ಸಾಧನೆಗೆ, ಅನುಭವಕ್ಕೆ ಕೊಡಲಿಲ್ಲ ಎಂಬುದು ಒಂದು ಆಕ್ಷೇಪ. ಹದಿನಾರನೆಯ ಶತಮಾನದ ಅನುಭಾವಿ ಲೂರಿಯಾನ ಕಬ್ಬಾಲಾ ಎಲ್ಲೆಡೆ ಹಬ್ಬಿದ್ದರಿಂದಲೇ 1665-66ರಲ್ಲಿ ಶಬ್ಬತಾಯ್ ಚಳವಳಿ ಹೊತ್ತಿಕೊಂಡಿತು ಎಂಬ ಶೋಲೆಮ್ ವಾದವನ್ನೂ ಇಡೆಲ್ ಒಪ್ಪಲಿಲ್ಲ. ಅಷ್ಟು ವ್ಯಾಪಕವಾಗಿ ಅದು ಆಗ ಹರಡಿರಲಿಲ್ಲ ಎಂದರು. ಇನ್ನೊಬ್ಬ ವಿದ್ವಾಂಸ ಯೆಹೂದಾ ಲೀಬೆಸ್, ಝೋಹರ್ ಒಬ್ಬನದಲ್ಲ, ಒಂದು ಗುಂಪಿನದು ಎಂದು ತೋರಿಸಿದರು. ನನಗೆ ಲೀಬೆಸ್ ಅವರ ಪಕ್ಷವೇ ಬಲವಾಗಿ ಕಾಣುತ್ತದೆ. ಆದರೆ ಅವರು ಹಿಡಿದ ದಾರಿಯೂ ಭಾಷೆಯದೇ: 1976ರ ಅವರ ಪ್ರಬಂಧ ಝೋಹರ್‌ನ ಪದಕೋಶದ ಕೆಲವು ಅಧ್ಯಾಯಗಳು. ತಾಲ್ಮೂದ್ ಓದಲು ಬಳಸುವ ಯಾಸ್ತ್ರೋವ್ ನಿಘಂಟನ್ನು ಮಾತ್ರ ಇಟ್ಟುಕೊಂಡು ಝೋಹರ್‌ಗೆ ಇಳಿದರೆ ದಾರಿ ತಪ್ಪುತ್ತದೆ. ಅದು ತಾಲ್ಮೂದ್ ಕಾಲದ ಅರ್ಥ ಕೊಡುತ್ತದೆ, ಝೋಹರ್ ಅದೇ ಪದಕ್ಕೆ ಹೊಸ ಅರ್ಥ ತುಂಬಿರುತ್ತದೆ. ಲೀಬೆಸ್ ಪಕ್ಕದಲ್ಲಿರಲಿ.

ಹಾಗಾಗಿ ಮೊದಲು 1941ರ ಸಂಪುಟದ ಐದು ಮತ್ತು ಆರನೆಯ ಅಧ್ಯಾಯ ಓದು, ಅದರ ಬೆನ್ನಿಗೇ ಇಡೆಲ್ ಅವರ ಪುಸ್ತಕ. ಇಂಗ್ಲಿಷಿನಲ್ಲಿ ಝೋಹರ್ ಬೇಕಾದರೆ 2003ರಿಂದ 2017ರವರೆಗೆ ಬಂದ ಹನ್ನೆರಡು ಸಂಪುಟಗಳಿವೆ. ಮೊದಲ ಒಂಬತ್ತು ಡೇನಿಯಲ್ ಮ್ಯಾಟ್ ಒಬ್ಬರೇ ಮಾಡಿದ್ದು. ಅವರು ಹಸ್ತಪ್ರತಿಗಳನ್ನು ಹೋಲಿಸಿ ತಾವೇ ಪಾಠ ನಿರ್ಣಯಿಸಿಕೊಂಡಿದ್ದಾರೆ, ಆದ್ದರಿಂದ ಅಚ್ಚಿನ ಅರಮಾಯಿಕ್ ಜೊತೆ ಎಲ್ಲ ಕಡೆ ಹೊಂದುವುದಿಲ್ಲ. ಅನುವಾದ ತಪ್ಪೆಂದು ಗಾಬರಿಯಾಗಬೇಡ. ಟಿಪ್ಪಣಿ ಬರೆದುಕೊಳ್ಳುವಾಗ ಸಂಪುಟ, ಹಾಳೆ, ಹಾಳೆಯ ಮಗ್ಗುಲು ಮೂರನ್ನೂ ಗುರುತಿಸಿಕೋ. 1558ರಿಂದ 1560ರವರೆಗೆ ಇಟಲಿಯ ಮಾಂಟುವಾದಲ್ಲಿ ಅಚ್ಚಾದ ಮೂರು ಸಂಪುಟಗಳ ಎಣಿಕೆಯೇ ಇವತ್ತಿಗೂ ನಡೆಯುವುದು. ಅದೇ ಹೊತ್ತಿಗೆ ಕ್ರೆಮೋನಾದಲ್ಲಿ ಅಚ್ಚಾದದ್ದರ ಎಣಿಕೆ ಬೇರೆ, ಅದು ಹಳೆಯ ಪುಸ್ತಕಗಳಲ್ಲಿ ಎದುರಾಗಬಹುದು.

ಇತಿ ನಿನ್ನ ಗೆಳೆಯ